ಒಂದೇ ಬಣ್ಣದ ಎರಡು ಪವರ್‌ಶೆಲ್

ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಕಚೇರಿಯೊಂದರಲ್ಲಿ ಸ್ಟೋರ್ಸ್ ಲೆಕ್ಕ ಇನ್ನೂ ಹಳೆಯ ಆ್ಯಕ್ಸೆಸ್ ಕಡತದಲ್ಲೇ ಇದೆ ಎಂದುಕೊಳ್ಳೋಣ. ಅದನ್ನು ಓದಿ ದಿನದ ಪಟ್ಟಿ ತೆಗೆಯುವ ಪವರ್‌ಶೆಲ್ ಸ್ಕ್ರಿಪ್ಟ್ ಒಬ್ಬರ ಮೇಜಿನಲ್ಲಿ ಸರಾಗವಾಗಿ ಓಡುತ್ತದೆ. ಪಕ್ಕದವರಲ್ಲಿ ‘ಪ್ರೊವೈಡರ್ ಈ ಯಂತ್ರದಲ್ಲಿ ನೋಂದಣಿಯಾಗಿಲ್ಲ’ ಎಂದು ನಿಂತುಬಿಡುತ್ತದೆ. ಯಂತ್ರ ಅದೇ ಮಾದರಿ, ವಿಂಡೋಸ್ ಅದೇ, ಸ್ಕ್ರಿಪ್ಟ್ ಅಕ್ಷರಶಃ ಅದೇ. ಇಂಥ ಹೊತ್ತಿನಲ್ಲಿ ಇಡೀ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸುವವರಿದ್ದಾರೆ. ಮೊದಲು ನೋಡಬೇಕಾದ್ದು ಕಿಟಕಿಯ ಶೀರ್ಷಿಕೆಯನ್ನು. ಓಡಿದ ಕಡೆ ಪವರ್‌ಶೆಲ್ ಹೆಸರಿನ ಮುಂದೆ ‘ಎಕ್ಸ್86’ ಎಂದಿರುತ್ತದೆ, ನಿಂತ ಕಡೆ ಅದು ಇರುವುದಿಲ್ಲ.

64 ಬಿಟ್ ವಿಂಡೋಸ್‌ನಲ್ಲಿ ಎರಡು ಪವರ್‌ಶೆಲ್‌ಗಳಿವೆ. ಒಂದು 64 ಬಿಟ್‌ನದು, ಇನ್ನೊಂದು 32 ಬಿಟ್‌ನದು. ಎರಡಕ್ಕೂ ಅದೇ ನೀಲಿ ಹಿನ್ನೆಲೆ, ಅವೇ ಆದೇಶಗಳು. ಆದರೆ 64 ಬಿಟ್ ಪ್ರಕ್ರಿಯೆಯೊಳಗೆ 32 ಬಿಟ್ ಡಿಎಲ್‌ಎಲ್ ಲೋಡ್ ಆಗುವುದಿಲ್ಲ. ಹಳೆಯ ಆ್ಯಕ್ಸೆಸ್ ಕಡತ ಓದುವ ಜೆಟ್ 4.0 ಪ್ರೊವೈಡರ್ 32 ಬಿಟ್‌ನಲ್ಲಿ ಮಾತ್ರ ಇದೆ. ಹಾಗಾಗಿ ಹೊಸದೆಂದು ಎಲ್ಲರೂ ತೆರೆಯುವ ಶೆಲ್ ಈ ಕೆಲಸಕ್ಕೆ ಬಾರದು.

ಈ ತಲೆನೋವು ಮೊದಲು ಇರಲಿಲ್ಲ. 2000ರ ದಶಕದ ಆರಂಭದಲ್ಲಿ ಹೊರದೇಶಗಳಲ್ಲಿ ನೆಲೆಸಿದ ಗೋವನ್ನರ ನೆರವಿನಿಂದ ಬಳಸಿದ ಕಂಪ್ಯೂಟರುಗಳು ಗೋವಾದ ಶಾಲೆಗಳಿಗೆ ಬಂದವು. ದುಬಾರಿ ಲೈಸೆನ್ಸ್ ಬೇಡದ ಲಿನಕ್ಸ್ ಅಲ್ಲಿ ಜಾಗ ಮಾಡಿಕೊಂಡಿತು. ಪಿಸಿಗಳ ಎಕ್ಸ್86 ವಂಶದ ಮೊದಲ 64 ಬಿಟ್ ಚಿಪ್, ಎಎಂಡಿಯ ಆಪ್ಟೆರಾನ್, ಬಂದದ್ದೇ 2003ರ ಏಪ್ರಿಲ್‌ನಲ್ಲಿ. ಅದಕ್ಕೂ ಹಳೆಯ ಆ ಪಿಸಿಗಳಲ್ಲಿ ಬ್ಯಾಷ್ ತೆರೆದ ಮಕ್ಕಳಿಗೆ ಸಿಗುತ್ತಿದ್ದುದು 32 ಬಿಟ್ ಶೆಲ್ ಒಂದೇ. ಆಯ್ಕೆಯೇ ಇಲ್ಲದ ಕಡೆ ಗೊಂದಲವೆಲ್ಲಿಂದ ಬರಬೇಕು?

ಗೊಂದಲ ಹುಟ್ಟಿಸುವುದರಲ್ಲಿ ವಿಂಡೋಸ್‌ನ ಫೋಲ್ಡರುಗಳದ್ದೇ ದೊಡ್ಡ ಪಾಲು. 64 ಬಿಟ್ ಪವರ್‌ಶೆಲ್ ಇರುವುದು ‘ಸಿಸ್ಟಮ್32’ರಲ್ಲಿ, 32 ಬಿಟ್‌ನದು ಇರುವುದು ‘ಸಿಸ್‌ವೌ64’ರಲ್ಲಿ. ತಿರುಗಾಮುರುಗಾ ಕಂಡರೂ ಇದಕ್ಕೆ ಕಾರಣವಿದೆ. ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ಸಿಸ್ಟಮ್32 ಎಂಬ ವಿಳಾಸವನ್ನು ತಮ್ಮೊಳಗೇ ಬರೆದುಕೊಂಡಿದ್ದವು. 64 ಬಿಟ್‌ಗೆ ಮರುಕಂಪೈಲ್ ಆದ ಮೇಲೂ ಅವು ಕೆಡಬಾರದೆಂದು ಮೈಕ್ರೋಸಾಫ್ಟ್ ಆ ಹೆಸರನ್ನು ಹಾಗೇ ಉಳಿಸಿತು. 32 ಬಿಟ್ ಪ್ರೋಗ್ರಾಮ್ ಸಿಸ್ಟಮ್32 ಕೇಳಿದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಸಿಸ್‌ವೌ64ಕ್ಕೆ ಕಳಿಸುತ್ತದೆ. ಪರೀಕ್ಷಿಸಬೇಕೆಂದರೆ 32 ಬಿಟ್ ಶೆಲ್‌ನಿಂದ ಪೂರ್ತಿ ವಿಳಾಸ ಟೈಪಿಸಿ ಸಿಸ್ಟಮ್32ರ ಪವರ್‌ಶೆಲ್ ತೆರೆದು ನೋಡಿ. ಮತ್ತೆ 32 ಬಿಟ್‌ನದೇ ತೆರೆಯುತ್ತದೆ! ನಿಜವಾದ 64 ಬಿಟ್ ಶೆಲ್ ಬೇಕಾದರೆ ‘ಸಿಸ್‌ನೇಟಿವ್’ ಎಂಬ ವಿಳಾಸ ಕೊಡಬೇಕು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಈ ಫೋಲ್ಡರ್ ಸಿಗುವುದಿಲ್ಲ. 32 ಬಿಟ್ ಪ್ರಕ್ರಿಯೆಗಳಿಗಷ್ಟೇ ಕಾಣುವ ಹೆಸರು ಅದು. ರಿಜಿಸ್ಟ್ರಿಯಲ್ಲೂ 32 ಬಿಟ್ ಸಾಫ್ಟ್‌ವೇರ್‌ಗೆ ಇಂಥದೇ ಪ್ರತ್ಯೇಕ ಕೋಣೆಯಿದೆ.

ಶೆಲ್ ಯಾವುದೆಂದು ತಿಳಿಯಲು ಹಲವರು ಪ್ರೊಸೆಸರ್ ಆರ್ಕಿಟೆಕ್ಚರ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್ ನೋಡುತ್ತಾರೆ. 32 ಬಿಟ್‌ನಲ್ಲಿ ‘ಎಕ್ಸ್86’ ಎನ್ನುತ್ತದೆ, 64 ಬಿಟ್‌ನಲ್ಲಿ ಇಂಟೆಲ್ ಚಿಪ್ ಇದ್ದರೂ ‘ಎಎಂಡಿ64’ ಎನ್ನುತ್ತದೆ. ಈ ಅಂಕಣದ ಒಲವು ಇನ್ನೊಂದು ವಿಧಾನದ ಕಡೆಗೆ: ಡಾಟ್‌ನೆಟ್‌ನ ‘ಇಂಟ್‌ಪಾಯಿಂಟರ್’ ಅಳತೆ ಕೇಳುವುದು. 4 ಬಂದರೆ 32 ಬಿಟ್, 8 ಬಂದರೆ 64. ಚಿಪ್ಪಿನ ಹೆಸರಿನ ಗೊಡವೆಯಿಲ್ಲದೆ ಶೆಲ್ ತನ್ನ ವಿಚಾರವನ್ನಷ್ಟೇ ಹೇಳುತ್ತದೆ.

ಆವೃತ್ತಿ ಸಂಖ್ಯೆಯನ್ನು ಈ ಬಿಟ್ ಲೆಕ್ಕದೊಂದಿಗೆ ಬೆರೆಸಬಾರದು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಇಂದಿಗೂ ‘ವಿ1.0’ ಎಂಬ ಫೋಲ್ಡರಿನಲ್ಲೇ ಇದೆ. ಪವರ್‌ಶೆಲ್ 7 ಬೇರೆಯೇ ಜಾಗದಲ್ಲಿ ಕೂರುತ್ತದೆ.

ಮ್ಯಾಕ್‌ನಲ್ಲೂ ಇಂಥದೇ ಕಥೆ. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಟರ್ಮಿನಲ್ ಅನ್ನು ಇಂಟೆಲ್ ಪ್ರೋಗ್ರಾಮುಗಳನ್ನು ಓಡಿಸಿಕೊಡುವ ರೊಸೆಟಾ ಮೂಲಕ ತೆರೆದರೆ ಅದೇ ಜೆಡ್‌ಶೆಲ್ ಇಂಟೆಲ್ ವೇಷ ತೊಡುತ್ತದೆ. ಆಗ ಪ್ಯಾಕೇಜುಗಳನ್ನು ಇಳಿಸಿಕೊಡುವ ‘ಹೋಮ್‌ಬ್ರೂ’ ಹಾಕಿದರೆ ಕಡತಗಳು ಸೇರುವ ಫೋಲ್ಡರೇ ಬೇರೆ.

ಲಿನಕ್ಸ್ ಪ್ರಿಯರಲ್ಲಿ ಬಹಳ ಮಂದಿ ‘ಯುನೇಮ್’ ಆದೇಶವನ್ನು ನೆಚ್ಚುತ್ತಾರೆ. ಅದು ಹೇಳುವುದು ಕರ್ನೆಲ್ ವಿಚಾರ, ಶೆಲ್‌ನದಲ್ಲ. ಶಾಲೆಯ ಲ್ಯಾಬುಗಳಲ್ಲಿ ಬಳಕೆಯಲ್ಲಿರುವ ರಾಸ್ಪ್‌ಬೆರಿ ಪೈ 4ರಲ್ಲಿ 32 ಬಿಟ್ ಓಎಸ್ ಹಾಕಿದರೂ 2023ರಿಂದ ಕರ್ನೆಲ್ 64 ಬಿಟ್‌ನದೇ ಬೂಟ್ ಆಗುತ್ತದೆ. ಯುನೇಮ್ ‘ಎಆರ್ಚ್64’ ಎನ್ನುತ್ತದೆ. ಅದನ್ನು ನಂಬಿ 64 ಬಿಟ್ ಪ್ಯಾಕೇಜ್ ಇಳಿಸಿಕೊಂಡರೆ ಇನ್‌ಸ್ಟಾಲ್ ಆಗುವುದಿಲ್ಲ. ‘ಗೆಟ್‌ಕಾನ್ಫ್’ ಆದೇಶದಿಂದ ‘ಲಾಂಗ್ ಬಿಟ್’ ಕೇಳಿದರೆ 32 ಎಂಬ ಉತ್ತರ ಬರುತ್ತದೆ. ಯಾವ ಪ್ಯಾಕೇಜ್ ಇಳಿಸಬೇಕೆಂದು ತೀರ್ಮಾನಿಸಬೇಕಾದ್ದು ಆ ಉತ್ತರ ನೋಡಿ.