ವ್ಯಾಧಿಯೂ ವಿವಾಹಪ್ರತಿಜ್ಞೆಯೂ

ಚಚಡಿ, ಮುರಗೋಡ ಮೊದಲಾದ ಊರುಗಳಿಂದ ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಸವದತ್ತಿಯ ಗುಡ್ಡಕ್ಕೆ ಹೋಗುವ ಮನೆಗಳಲ್ಲಿ ಎಲ್ಲಮ್ಮನ ಕಥೆಯನ್ನು ಅರಿಯದವರಿಲ್ಲ. ಆದರೆ ಮಹಾಭಾರತದ ವನಪರ್ವದಲ್ಲಿ ಬರುವ ರೇಣುಕೆಯ ವೃತ್ತಾಂತಕ್ಕೂ ಗುಡ್ಡದ ಕಥೆಗೂ ಒಂದು ದೊಡ್ಡ ಭೇದವುಂಟು. ವನಪರ್ವದ ರೇಣುಕೆಗೆ ರೋಗವಿಲ್ಲ. ಮನಸ್ಸು ಚಲಿಸಿತೆಂಬ ಅಪರಾಧಕ್ಕೆ ಒಡನೆಯೇ ಶಿರಚ್ಛೇದವಾಗುವದು. ಗುಡ್ಡದ ಕಥೆಯಲ್ಲಿಯಾದರೋ ಜಮದಗ್ನಿಯು ಮೊದಲು ಆಕೆಗೆ ಕುಷ್ಠವಾಗಲೆಂದು ಶಪಿಸಿ ಆಶ್ರಮದಿಂದ ಹೊರಗೆ ಹಾಕುವನು. ಆಕೆ ಎಕ್ಕಯ್ಯ ಜೋಗಯ್ಯರ ಮೊರೆಹೊಕ್ಕು, ಜೋಗುಳಬಾವಿಯ ನೀರಿನಲ್ಲಿ ಮಿಂದು, ಗುಣಮುಖಳಾಗಿ ಗಂಡನ ಬಳಿಗೆ ಮರಳುವಳು. ಕೊಡಲಿಯ ಪ್ರಸಂಗವು ಆ ಬಳಿಕ.

ಈ ಸೇರ್ಪಡೆಯನ್ನು ಹಾಡುವವರ ಅಜ್ಞಾನವೆಂದು ತಳ್ಳಿಬಿಡುವ ಪಂಡಿತರುಂಟು. ಅದು ನ್ಯಾಯವಲ್ಲ. ರೋಗವು ವಾಸಿಯಾದ ಮಾತ್ರಕ್ಕೆ ಕೆಟ್ಟ ದಾಂಪತ್ಯವು ವಾಸಿಯಾಗದೆಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕಥೆ ಬೇರೊಂದು ಸಿಕ್ಕುವದು ಕಷ್ಟ. ಬಾವಿಯ ನೀರು ಮೈಯನ್ನು ತೊಳೆಯಿತು; ಹೊರಗೆ ಹಾಕಿದವನ ಮನಸ್ಸನ್ನು ತೊಳೆಯಲಿಲ್ಲ.

ಸ್ಮೃತಿಕಾರರು ಈ ವಿಷಯದಲ್ಲಿ ಹೇಳಿದ್ದನ್ನೂ ಮರೆಮಾಚಬಾರದು. ರೋಗಿಷ್ಠ ಗಂಡನನ್ನು ಅಲಕ್ಷಿಸಿದ ಹೆಂಡತಿಗೆ ಮನುವು ಮೂರು ತಿಂಗಳ ಪರಿತ್ಯಾಗವನ್ನು ವಿಧಿಸುವನು; ಹೆಂಡತಿಯು ರೋಗಿಷ್ಠಳಾದರೆ ಗಂಡನು ಇನ್ನೊಬ್ಬಳನ್ನು ತರಬಹುದೆನ್ನುವನು. ಎರಡು ಶ್ಲೋಕಗಳ ತರುವಾಯ ತಾನೇ ಅಳುಕಿದವನಂತೆ, ರೋಗಿಯಾದರೂ ಹಿತೈಷಿಣಿಯೂ ಶೀಲವತಿಯೂ ಆದವಳಿದ್ದರೆ ಆಕೆಯ ಅನುಮತಿ ಪಡೆಯಬೇಕು, ಆಕೆಯನ್ನು ಎಂದೂ ಅವಮಾನಿಸಲಾಗದು ಎಂದು ತಿದ್ದುವನು. ತಿದ್ದುಪಡಿ ಮೆಚ್ಚತಕ್ಕದ್ದೇ. ಆದರೂ ಹಾಸಿಗೆ ಹಿಡಿದವಳ ಅನುಮತಿಗೆ ಎಷ್ಟು ಬೆಲೆಯೆಂಬುದನ್ನು ಸಂಸಾರಸ್ಥರು ಬಲ್ಲರು. ಬೆಳಗಾವಿಯು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1946ನೆಯ ಇಸ್ವಿಯ ದ್ವಿಪತ್ನೀನಿಷೇಧದ ಕಾಯದೆ ಬರುವವರೆಗೆ ಈ ಬಾಗಿಲು ತೆರೆದೇ ಇತ್ತು.

ಕಾವ್ಯದೃಷ್ಟಿಯಿಂದ ನೋಡಿದರೆ ಮಾರ್ಕಂಡೇಯಪುರಾಣದ ಕೌಶಿಕನ ಕಥೆ ಹೆಚ್ಚಿನದು. ಪ್ರತಿಷ್ಠಾನದ ಆ ಬ್ರಾಹ್ಮಣನು ಕುಷ್ಠರೋಗಿ, ಮೇಲಾಗಿ ಮುಂಗೋಪಿ. ಹೆಂಡತಿಯು ಅವನ ಕಾಲು ತೊಳೆದು, ಮೈಯೊತ್ತಿ, ಉಣ್ಣಿಸಿ, ಕಫ ಮಲ ಮೂತ್ರ ರಕ್ತಗಳನ್ನು ಬಳಿದು, ಬೈಗಳನ್ನು ತಿಂದು ಸಹಿಸುವಳು. ಪುರಾಣಕರ್ತೃವು ಇಲ್ಲಿ ಮೂಗು ಮುಚ್ಚಿಕೊಂಡಿಲ್ಲ. ಇಡಿಯ ಉಪಾಖ್ಯಾನದಲ್ಲಿ ಉತ್ಕೃಷ್ಟವಾದ ಭಾಗವಿದೇ. ಮುಂದೆ ಸೂರ್ಯನು ನಿಲ್ಲುವದು, ಅನಸೂಯೆ ಬರುವದು, ಸತ್ತ ಗಂಡನು ನಿರೋಗಿಯಾಗಿ ಏಳುವದು, ಇವೆಲ್ಲ ಅದ್ಭುತರಸದ ಸಾಮಗ್ರಿ. ದಿನದಿನದ ಸೇವೆಗೆ ಪವಾಡದ ಕೂಲಿ ಸಿಕ್ಕಿತೆಂದು ಹೇಳಿದೊಡನೆ ಸೇವೆಯ ತೂಕ ಇಳಿಯುವದು. ಅಲ್ಲದೆ ಸೇವೆ ಮಾಡುವವಳು ಯಾವಾಗಲೂ ಹೆಂಡತಿಯೇ.

ಕ್ರೈಸ್ತರ ವಿವಾಹವಿಧಿಯನ್ನು ಒಂದು ಸಾಹಿತ್ಯಕೃತಿಯೆಂದು ಓದಿದವನಿಗೆ ಇಲ್ಲಿಯೇ ಅದರ ವಿಶೇಷವು ಹೊಳೆಯುವದು. ಸಪ್ತಪದಿಯ ಏಳು ಹೆಜ್ಜೆಗಳು ಅನ್ನ, ಬಲ, ಸಂಪತ್ತು, ಸುಖ, ಸಂತತಿ, ಋತುಗಳು, ಸಖ್ಯ ಇವುಗಳನ್ನು ಕೋರುವವು. ಅಮಂಗಲವನ್ನು ಬಾಯಿಂದ ಆಡವು. ಕೊನೆಯ ಹೆಜ್ಜೆಯ ಸಖ್ಯದಲ್ಲಿ ಎಲ್ಲವೂ ಅಡಗಿದೆಯೆಂದು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ 1549ರಲ್ಲಿ ರಚಿತವಾದ ಆಂಗ್ಲಸಭೆಯ ಪ್ರಾರ್ಥನಾಪುಸ್ತಕವು ಮಂಟಪದಲ್ಲಿಯೇ ರೋಗದ ಹೆಸರನ್ನೂ ಬಡತನದ ಹೆಸರನ್ನೂ ಮರಣದ ಹೆಸರನ್ನೂ ಎತ್ತಿ, ಅದೇ ಮಾತನ್ನು ವರನಿಂದಲೂ ವಧುವಿನಿಂದಲೂ ಆಡಿಸುವದು. ವಧುವು ವಿಧೇಯತೆಯ ಮಾತೊಂದನ್ನು ಹೆಚ್ಚಿಗೆ ಆಡಬೇಕಿತ್ತೆಂಬುದು ನಿಜ. ರೋಗದ ಮಾತಿನಲ್ಲಿ ಮಾತ್ರ ತಾರತಮ್ಯವಿಲ್ಲ. ಗುಣವಾಗುವದೆಂಬ ಆಶ್ವಾಸನವೂ ಅದರಲ್ಲಿಲ್ಲ. ಇದರ ಬೇರು ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿದೆ: ಗಂಡನು ಹೆಂಡತಿಯನ್ನು ತನ್ನ ಶರೀರವೆಂದೇ ಪ್ರೀತಿಸತಕ್ಕದ್ದು. ನೋಯುವ ಕೈಯನ್ನು ಯಾರು ಕಡಿದೊಗೆಯುವರು? ಅರ್ಧನಾರೀಶ್ವರನನ್ನು ಬಲ್ಲವರಿಗೆ ಈ ತರ್ಕವು ಅಪರಿಚಿತವಲ್ಲ.

ಆದರೆ ಪ್ರತಿಜ್ಞೆಯನ್ನು ಆಡುವ ದಿನ ಸಾಮಾನ್ಯವಾಗಿ ಇಬ್ಬರೂ ಆರೋಗ್ಯವಂತರು. ಆದುದರಿಂದ ಆ ವಾಕ್ಯದ ವ್ಯಾಖ್ಯಾನವನ್ನು ಪುಸ್ತಕದಲ್ಲಿ ಅಲ್ಲ, ಬಾಳಿನಲ್ಲಿ ಹುಡುಕಬೇಕಾಗುವದು. ಕನ್ನಡಿಗರು ಅದಕ್ಕಾಗಿ ದೂರ ಹೋಗಬೇಕಾಗಿಲ್ಲ.

ಹರ್ಮನ್ ಮೋಗ್ಲಿಂಗನು 1811ರಲ್ಲಿ ಹುಟ್ಟಿ, 1836ರಲ್ಲಿ ಬಾಸೆಲ್ ಮಿಶನ್ನಿನವನಾಗಿ ಮಂಗಳೂರಿಗೆ ಬಂದನು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದನು. ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದನು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವನಿಗೆ ಡಾಕ್ಟರ್ ಪದವಿಯನ್ನಿತ್ತಿತು. ನಾಲ್ವತ್ತು ದಾಟುವವರೆಗೆ ಅವಿವಾಹಿತನಾಗಿಯೇ ಇದ್ದವನು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದ ತನ್ನ ಬಂಧುವೂ ಗೆಳೆಯನೂ ಆದ ವೈಗ್ಲೆಯು 1855ರಲ್ಲಿ ತೀರಿದ ಬಳಿಕ ಆತನ ವಿಧವೆ ಪೌಲೀನಾಳ ಕೈಹಿಡಿದನು. 1860ರಲ್ಲಿ ಆಕೆಯ ಅನಾರೋಗ್ಯದ ನಿಮಿತ್ತ ಇಬ್ಬರೂ ಜರ್ಮನಿಗೆ ಹೊರಟರು. 1881ರಲ್ಲಿ ತೀರಿಕೊಳ್ಳುವವರೆಗೆ ಅವನು ಕನ್ನಡ ನಾಡಿಗೆ ಹಿಂದಿರುಗಲಿಲ್ಲ.

ಕನ್ನಡದ ಸಾಹಿತ್ಯಚರಿತ್ರೆಗಳು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ, ಕನ್ನಡಕ್ಕೆ ನಷ್ಟವಾಯಿತೆಂದು ಮರುಗುವದು ವಾಡಿಕೆ. ನಷ್ಟವಾದುದು ದಿಟ. ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ, ಕೈತುಂಬ ಕೆಲಸವಿದ್ದಾಗ, ಇಪ್ಪತ್ತನಾಲ್ಕು ವರುಷ ಕಲಿತು ತನ್ನದಾಗಿಸಿಕೊಂಡ ಭಾಷೆಯ ನೆಲವನ್ನು ಬಿಡುವದೆಂದರೆ ಸಣ್ಣ ಮಾತಲ್ಲ. ಆದರೆ ರೋಗಿಯನ್ನೊಬ್ಬಳನ್ನೇ ಹಡಗು ಹತ್ತಿಸಿ, ತಾನು ಸುವಾರ್ತೆಯ ಹೆಸರಿನಲ್ಲಿ ಇಲ್ಲಿಯೇ ನಿಂತಿದ್ದರೆ, ಚರಿತ್ರಕಾರರು ಅದನ್ನು ತ್ಯಾಗವೆಂದು ಹೊಗಳುತ್ತಿದ್ದರೇನೋ! ಅಲ್ಲಿ ತ್ಯಾಗಕ್ಕೆ ಗುರಿಯಾದವಳು ಹೆಂಡತಿಯೆಂಬುದು ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲ. ಮೋಗ್ಲಿಂಗನು ಆಂಗ್ಲಸಭೆಯವನಲ್ಲ, ಆ ಪುಸ್ತಕದ ಶಬ್ದಗಳು ಅವನವಲ್ಲ. ಅದರ ಅರ್ಥವನ್ನು ಮಾತ್ರ ಅವನು ನಡೆದು ತೋರಿಸಿದನು. ಜಮದಗ್ನಿಯು ಹೆಂಡತಿಯನ್ನು ಹೊರಗೆ ಹಾಕಿ ಆಶ್ರಮವನ್ನು ಉಳಿಸಿಕೊಂಡನು. ಇವನು ಆಶ್ರಮವನ್ನು ಬಿಟ್ಟು ಹೆಂಡತಿಯೊಡನೆ ಹೊರಗೆ ಹೋದನು.

ಕಾಯದೆಯ ಮಾತು ಬೇರೆ. 1869ರ ವಿವಾಹವಿಚ್ಛೇದದ ಕಾಯದೆಯು ವಿವಾಹಾನಂತರ ಬಂದ ವ್ಯಾಧಿಯನ್ನು ಕ್ರೈಸ್ತದಂಪತಿಗಳ ಬೇರ್ಪಡೆಗೆ ಕಾರಣವೆಂದು ಎಣಿಸಿರಲಿಲ್ಲ. 2001ರ ತಿದ್ದುಪಡಿಯು ವಾಸಿಯಾಗದ ಬುದ್ಧಿಭ್ರಮಣೆಯನ್ನೂ ಕುಷ್ಠವನ್ನೂ ಸೇರಿಸಿತು. ಕುಷ್ಠವನ್ನು 2019ರಲ್ಲಿ ತೆಗೆದುಹಾಕಲಾಯಿತು. ಕುಷ್ಠಕ್ಕೆ ಖಚಿತವಾದ ಔಷಧ ಬಂದು ಆಗಲೇ ದಶಕಗಳು ಕಳೆದಿದ್ದವು. ಅಸಹ್ಯವಾದ ಬಾಳಿನಿಂದ ಬಿಡುಗಡೆ ಬೇಕಾದವರಿಗೆ ಕಾಯದೆಯ ಬಾಗಿಲು ಬೇಕು, ಅದನ್ನು ನಿಂದಿಸುವದು ಸಲ್ಲದು. ಆದರೆ ಬಾಗಿಲಿದ್ದೂ ಹೊರಗೆ ಹೋಗದವರ ವಿಷಯ ಸಾಹಿತ್ಯಕ್ಕೆ ಸೇರಿದ್ದು.

ಜರ್ಮನಿಗೆ ಹೋದ ಮೋಗ್ಲಿಂಗನು ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪೌರಸ್ತ್ಯವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದನು. 1894ರಲ್ಲಿ ಹೊರಬಂದ ಕಿಟ್ಟೆಲರ ಶಬ್ದಕೋಶದ ಕೆಲಸಕ್ಕೆ ದೂರದಿಂದಲೇ ಒತ್ತಾಸೆಯಾಗಿದ್ದನು. ಮುಂದೆ ಅವನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು 1860ನೆಯ ಇಸ್ವಿಗೆ ಒಂದು ವಾಕ್ಯವನ್ನಲ್ಲ, ಒಂದು ಅಧ್ಯಾಯವನ್ನು ಮೀಸಲಿಡತಕ್ಕದ್ದು. ಅದರಲ್ಲಿ ಪೌಲೀನಾಳ ಹೆಸರು ಮೊದಲು ಬರತಕ್ಕದ್ದು.