ಮನೆಯೇನೋ ಇತ್ತು, ನೆಲ ಯಾರದು?

ವಂಶದ ಕಥೆ ಬರೆಯಲು ಎರಡು ದಾರಿಗಳಿವೆ. ಹಿರಿಯರಿಂದ ಕೇಳಿದ್ದನ್ನು ಹೇಳುವುದು ಒಂದು, ದಾಖಲೆಗಳಲ್ಲಿ ಹುಡುಕುವುದು ಇನ್ನೊಂದು. ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದ ಪ್ರೈರಿ’ (1935) ಮೊದಲನೆಯದು. ಕ್ಯಾರೊಲೈನ್ ಫ್ರೇಸರ್ ಬರೆದ, 2018ರಲ್ಲಿ ಪುಲಿಟ್ಜರ್ ಪಡೆದ ಲಾರಾ ಜೀವನಚರಿತ್ರೆ ‘ಪ್ರೈರಿ ಫೈರ್ಸ್’ ಎರಡನೆಯದು. ಎರಡನ್ನೂ ಜೊತೆಗಿಟ್ಟು ಓದಿದರೆ ನಮಗೆ ಒಂದೇ ಕುಟುಂಬದ ಎರಡು ಮುಖಗಳು ಕಾಣುತ್ತವೆ.

ಕಾದಂಬರಿಯ ಅಪ್ಪ ಚಾರ್ಲ್ಸ್ ಇಂಗಲ್ಸ್ ಪಿಟೀಲು ನುಡಿಸುತ್ತಾನೆ, ಮರ ಕಡಿದು ತನ್ನ ಕೈಯಿಂದಲೇ ಮನೆ ಕಟ್ಟುತ್ತಾನೆ. ಆ ವರ್ಣನೆಯ ಸೊಗಸನ್ನು ಅಲ್ಲಗಳೆಯಲಾಗದು. ಆದರೆ ಕುಟುಂಬ ಕನ್ಸಾಸ್‌ನಲ್ಲಿದ್ದಾಗ ಲಾರಾಗೆ ಎರಡು-ಮೂರು ವರ್ಷ. ಕಾದಂಬರಿಯಲ್ಲಿ ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ದೂರವಿರುವ ಮನೆ, ನಿಜದಲ್ಲಿ ಸುಮಾರು 13 ಮೈಲಿ ದೂರದಲ್ಲಿತ್ತು. 1870ರ ಜನಗಣತಿಯಲ್ಲಿ ಕುಟುಂಬದ ಹೆಸರಿದೆ. ಆದರೆ ಆ ನೆಲ ಒಸೇಜ್ ಬುಡಕಟ್ಟಿನದು, ವಲಸಿಗರಿಗೆ ಅದರ ಹಕ್ಕುಪತ್ರವಿರಲಿಲ್ಲ.

ಮೌನಗಳೂ ಇವೆ. ಒಂಬತ್ತು ತಿಂಗಳಲ್ಲೇ ತೀರಿಕೊಂಡ ತಮ್ಮ ಫ್ರೆಡ್ಡಿಯಾಗಲಿ, ಅಯೋವಾದ ಬರ್ ಓಕ್‌ನಲ್ಲಿ ಕಳೆದ ಕಷ್ಟದ ದಿನಗಳಾಗಲಿ ಈ ಕಾದಂಬರಿ ಮಾಲೆಯಲ್ಲಿಲ್ಲ. ನೋವನ್ನು ಮುಚ್ಚಿಡುವುದು ಮನುಷ್ಯ ಸಹಜ, ಕ್ಷಮಿಸಬಹುದು. ಆದರೆ ಇನ್ನೊಬ್ಬರ ಇರವನ್ನೇ ಮರೆಯುವುದು ಬೇರೆ ಮಾತು. ಮೊದಲ ಮುದ್ರಣಗಳಲ್ಲಿ, ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ಮಾತಿತ್ತು. ಓದುಗರೊಬ್ಬರ ಆಕ್ಷೇಪದ ಬಳಿಕ, 1953ರ ಆವೃತ್ತಿಯಲ್ಲಿ ‘ಜನ’ ಹೋಗಿ ‘ವಲಸಿಗರು’ ಬಂತು. ಒಂದು ಪದ ಸರಿಹೋಯಿತು, ಕಥೆಯ ದೃಷ್ಟಿ ಹಾಗೆಯೇ ಉಳಿಯಿತು.

ಹಾಗೆಂದು ಪುಸ್ತಕವನ್ನು ಮೂಲೆಗೆಸೆಯಬೇಕೆಂದು ನಾವು ಹೇಳುವುದಿಲ್ಲ. ಇಂಡಿಯನ್ನರನ್ನು ಸರಕಾರ ಸಾಗಹಾಕುತ್ತದೆ ಎಂದು ಅಪ್ಪ ಹೇಳಿದಾಗ, ಅವರಿಗೆ ಸಿಟ್ಟು ಬರುವುದಿಲ್ಲವೇ ಎಂದು ಮಗು ಕೇಳತೊಡಗುತ್ತದೆ. ಮಾತು ಮುಗಿಯುವ ಮೊದಲೇ ಅದನ್ನು ಸುಮ್ಮನಾಗಿಸಲಾಗುತ್ತದೆ. ಕಾದಂಬರಿಯ ಅತ್ಯಂತ ಪ್ರಾಮಾಣಿಕ ಗಳಿಗೆ ಇದೇ ಎಂದು ನಮಗನಿಸುತ್ತದೆ. ಫ್ರೇಸರ್ ಮಾಡಿರುವುದು ಆ ಮಗುವಿನ ಪ್ರಶ್ನೆಯನ್ನು ಮುಂದುವರಿಸುವ ಕೆಲಸ. 1862ರ ಡಕೋಟಾ ಯುದ್ಧದಿಂದಲೇ ಅವರು ಕಥೆ ಆರಂಭಿಸುತ್ತಾರೆ. ಖಾಲಿ ನೆಲ ಎಂಬ ಭ್ರಮೆ ಅಲ್ಲೇ ಒಡೆಯುತ್ತದೆ.

ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರೆಂದು ಪರಿಶೀಲಿಸುತ್ತಾರೆ. ಇದು ಹೇಳಿದವರಿಗೆ ಅಗೌರವವಲ್ಲ, ಸತ್ಯಕ್ಕೆ ತೋರುವ ಗೌರವ. ಪೂರ್ವಜರ ಕಥೆಗಳಿಗೂ ಈ ಒರೆಗಲ್ಲು ಬೇಕು. ವಂಶವೃಕ್ಷವನ್ನು ಬರೆಯುವವರು ಕೊಂಬೆಗಳನ್ನು ಎಣಿಸಿದರೆ ಸಾಲದು, ಬೇರು ಇಳಿದಿರುವ ಮಣ್ಣು ಯಾರದೆಂದೂ ಕೇಳಬೇಕು.