ಮಾಲ್ಡನ್ನಿನ ಕೆಂಪು ಹಾಯಿಗಳು

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ, ಬ್ಲ್ಯಾಕ್‌ವಾಟರ್ ನದಿಯು ಸಮುದ್ರವನ್ನು ಸೇರುವುದಕ್ಕೆ ಮುನ್ನ ಸಾವಧಾನವಾಗಿ ಹರಡಿಕೊಳ್ಳುವೆಡೆ, ಮಾಲ್ಡನ್ ಪಟ್ಟಣದ ಹೈದ್ ಧಕ್ಕೆಗೆ ಇಳಿದು ಬಂದವನ ದೃಷ್ಟಿಯನ್ನು ಮೊದಲು ಸೆಳೆಯುವುದು ಅಲ್ಲಿ ಸಾಲಾಗಿ ನಿಂತಿರುವ ಥೇಮ್ಸ್ ಹಾಯಿದೋಣಿಗಳ ಎತ್ತರದ ಕೂವೆಮರಗಳು; ಅವುಗಳಿಗೆ ಆತುಕೊಂಡ, ಕಾವಿಮಣ್ಣನ್ನೂ ಮೀನೆಣ್ಣೆಯನ್ನೂ ಕುಡಿದು ಕೆಂಪಡರಿದ ಹಾಯಿಗಳು. ಇಳಿತದ ವೇಳೆಯಲ್ಲಿ ನೀರು ಹಿಂಜರಿದಾಗಲೂ ಈ ನೌಕೆಗಳು ವಾಲುವುದಿಲ್ಲ. ತಳವು ಚಪ್ಪಟೆಯಾದುದರಿಂದ ಕೆಸರಿನ ಮೇಲೆ ನೆಟ್ಟಗೆ ಕುಳಿತುಬಿಡುತ್ತವೆ. ಇಕ್ಕೆಲಗಳಲ್ಲಿ ತೂಗುವ ಬೀಸಣಿಗೆಯಾಕಾರದ ಹಲಗೆಗಳನ್ನು ಆಳದ ನೀರಿನಲ್ಲಿ ಇಳಿಯಬಿಟ್ಟರೆ, ಅಡ್ಡಗಾಳಿಗೆ ದೋಣಿಯು ಪಕ್ಕಕ್ಕೆ ಸರಿಯದು.

ನನ್ನನ್ನು ಅತಿಶಯವಾಗಿ ಮೋಹಿಸಿದುದು ಆ ಪ್ರಧಾನ ಹಾಯಿಯ ವಿಧಾನ. ಕೂವೆಯ ಬುಡದಿಂದ ಓರೆಯಾಗಿ ಮೇಲೇರುವ ಒಂದೇ ಉದ್ದನೆಯ ತೊಲೆಯು ಅದನ್ನು ಎತ್ತಿ ಹಿಡಿದಿರುತ್ತದೆ; ಬೇಡವಾದಾಗ ಹಗ್ಗವೆಳೆದರೆ ಅದು ತೆರೆಯಂತೆ ಕೂವೆಯತ್ತ ಮಡಿಸಿಕೊಳ್ಳುತ್ತದೆ. ಆದುದರಿಂದಲೇ ಸುಮಾರು 80 ಅಡಿ ಉದ್ದದ ನೌಕೆಯನ್ನು ಇಬ್ಬರೇ ನಡೆಸಬಲ್ಲವರಾಗಿದ್ದರು. ಎಂತಹ ಮಿತವ್ಯಯ, ಎಂತಹ ಬುದ್ಧಿ!

ಎಸೆಕ್ಸಿನ ಹುಲ್ಲನ್ನು ಅಟ್ಟದ ಮೇಲೆ ಬಣವೆಯಾಗಿ ಒಟ್ಟಿಕೊಂಡು ಲಂಡನ್ನಿನ ಕುದುರೆಗಳಿಗೆ ಒಯ್ದು, ಹಿಂದಿರುಗುವಾಗ ಅವೇ ಕುದುರೆಗಳ ಗೊಬ್ಬರವನ್ನು ಹೊಲಗಳಿಗೆ ತರುತ್ತಿದ್ದ ದೋಣಿಗಳಿವು. ಚುಕ್ಕಾಣಿ ಹಿಡಿದವನಿಗೆ ಬಣವೆಯಾಚೆ ಏನೂ ಕಾಣದೆ, ಮೇಲೆ ನಿಂತ ಜೊತೆಗಾರನ ಕೂಗೇ ಕಣ್ಣಾಗುತ್ತಿತ್ತು. ಇದೇ ಕುಲದ ‘ಕ್ಯಾಂಬ್ರಿಯ’, 1906ರಲ್ಲಿ ನಿರ್ಮಾಣಗೊಂಡು, 1970ರವರೆಗೂ ಗಾಳಿಯೊಂದನ್ನೇ ನೆಚ್ಚಿ ಸರಕು ಸಾಗಿಸಿತು.

ಸಂಜೆ ಭರತವೇರಿತು, ಕೆಸರಿನಲ್ಲಿ ಕುಳಿತಿದ್ದ ನೌಕೆಯೊಂದು ಸದ್ದಿಲ್ಲದೆ ಮೇಲೆದ್ದು ತೇಲತೊಡಗಿತು.